ಲಾವಂಚದ ವಾಸನೆಯ ನೀರು

ಕಮತಗಿಯ ಆ ಓಣಿಯಲ್ಲಿ ನಲವತ್ತು ವರ್ಷಗಳಿಂದ ತಾಮ್ರದ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕುತ್ತ ಬಂದವನು ಖಾಸಿಂಸಾಬ. ಅದೇ ಓಣಿಯ ಸುಂದರವ್ವನೊಬ್ಬಳೇ ಮೊನ್ನೆ ತನ್ನ ಕುಡಿಯುವ ನೀರಿನ ಹಂಡೆಯನ್ನು ಇಳಕಲ್ಲಿಗೆ ಒಯ್ದು, ಅಲ್ಲಿ ಕಲಾಯಿ ಹಾಕಿಸಿ ಕನ್ನಡಿಯಂತೆ ಹೊಳೆಯಿಸಿಕೊಂಡು ತಂದಿದ್ದಳು. ಅಂದಿನಿಂದ ಅವನು ಅವಳ ಮನೆ ಕಂಡರೆ ಮುಖ ತಿರುಗಿಸುತ್ತಿದ್ದ.

ಕಲಾಯಿಯ ತವರಕ್ಕೆ ಅಗ್ಗದ ಸೀಸ ಬೆರೆಸಿದರೆ ನೀರು ವಿಷವಾಗುತ್ತದೆ; ಅದು ಎಷ್ಟಿದೆಯೆಂದು ಅಳೆಯಲು ಒಂದು ಮುಂಜಾನೆ ಆರೋಗ್ಯ ಇಲಾಖೆಯ ಗೀತಾಂಜಲಿ ಮೇಡಂ ಬಂದು ಬೇವಿನ ಕಟ್ಟೆಯ ಮೇಲೆ ಕೂತರು. ಅಂಗೈಯಷ್ಟು ಯಂತ್ರ. ಅದಕ್ಕೊಂದು ಪಟ್ಟಿ ಸಿಕ್ಕಿಸಿ ನೀರಿಗೆ ಅದ್ದಿದರೆ, ಸಣ್ಣ ಕರೆಂಟು ಹರಿದು ಅಂಕಿ ಮೂಡುತ್ತಿತ್ತು. ಹತ್ತರೊಳಗಿದ್ದರೆ ಸರಿ.

ಮನೆಗೊಂದು ತಂಬಿಗೆ ನೀರು ಬಂತು. ಮೊದಲ ತಂಬಿಗೆ ನಲವತ್ತೆರಡು. ಎರಡನೆಯದೂ ನಲವತ್ತೆರಡು. ಹದಿನೇಳನೆಯದೂ ಅಷ್ಟೇ. ಯಂತ್ರ ಕೆಟ್ಟಿರಬೇಕೆಂದು ಮೇಡಂ ಹೊಸ ಪಟ್ಟಿ ಸಿಕ್ಕಿಸಿ ತಮ್ಮ ಬಾಟಲಿಯ ನೀರಿಗೆ ಅದ್ದಿದರು. ಸೊನ್ನೆ.

“ಲೇ ಖಾಸೀಮ, ನಲವತ್ತ ವರ್ಷ ನಮಗ ಸೀಸಾ ಕುಡಿಸಿದೇನಲೇ?” ಎಂದ ನೆರೆಮನೆಯ ಕನಕಪ್ಪ.

“ಅಲ್ಲಾನ ಆಣಿ, ಅಪ್ಪಟ ತವರಾ ಹಾಕೇನಿ!”

ಯಾರೂ ನಂಬಲಿಲ್ಲ. ಖಾಸಿಂಸಾಬ ಒಂದು ತಂಬಿಗೆ ಎತ್ತಿ ಮೂಸಿದ. ಲಾವಂಚದ ವಾಸನೆ. ಇನ್ನೊಂದನ್ನು ಮೂಸಿದ. ಅದೂ ಲಾವಂಚ. ಓಣಿಯಲ್ಲಿ ಹಂಡೆಗೆ ಲಾವಂಚದ ಬೇರು ಹಾಕುವವಳು ಒಬ್ಬಳೇ.

“ಎಲ್ಲಾ ಸುಂದರವ್ವನ ಮನಿ ನೀರ!”

ಬೀಗರು ಬಂದಾಗ ಪಕ್ಕದ ಮನೆಯ ಒಳ್ಳೆಯ ತಾಟು ಕಡ ತರುವಂತೆ, ಮೇಡಂ ಬರುತ್ತಾರೆಂದು ಹದಿನೇಳು ಮನೆಯವರೂ ಆ ಹೊಳೆಯುವ ಹಂಡೆಯ ನೀರನ್ನೇ ಕಡ ತಂದಿದ್ದರು. ತೋಡಿ ಕೊಡುವ ಗಡಿಬಿಡಿಯಲ್ಲಿ ಸುಂದರವ್ವನಿಗೇ ಕಟ್ಟೆಗೆ ಬರಲು ಆಗಿರಲಿಲ್ಲ.

“ಮತ್ತ ಮ್ಯಾಡಂ ಮುಂದ ನಮ್ಮ ಹಳೇ ಹಂಡೇದ ನೀರ ಹಿಡದ್ರ ಓಣಿ ಮಾನ ಉಳೀತಿತ್ತೇನು?” ಕನಕಪ್ಪ ಗದರಿದ.

“ನಿಮ್ಮ ನಿಮ್ಮ ಮನಿ ನೀರ ತರ್ರಿ,” ಎಂದರು ಮೇಡಂ, ಹಣೆ ಒತ್ತಿಕೊಳ್ಳುತ್ತ.

ಎರಡು. ಮೂರು. ಎರಡು. ಖಾಸಿಂಸಾಬನ ಬೆನ್ನು ನೆಟ್ಟಗಾಯಿತು. ಕೊನೆಗೆ ಸುಂದರವ್ವ ಬಂದಳು. ಅವಳದೂ ಮೂರು!

“ನೋಡ್ರಿ, ನಂದೂ ಪಾಸು. ಇಳಕಲ್ ಕಲಾಯಿ ಅಂದ್ರ ಏನ ತಿಳದೀರಿ?”

ಅವಳ ಕೈಯಲ್ಲಿದ್ದ ಸೊಟ್ಟ ಬಾಯಿಯ ತಂಬಿಗೆಯ ಗುರುತು ಖಾಸಿಂಸಾಬನಿಗೆ ಸಿಕ್ಕಿತು. ತಂಬಿಗೆ ಅವನ ಹೆಂಡತಿ ಜುಲೇಖಾಳದು. ಅಂದರೆ ನೀರೂ ಅವನ ಮನೆಯದೇ. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿತು; ಆ ನಲವತ್ತೆರಡು ಎಲ್ಲಿ ಹೋಯಿತೆಂದು ಕೇಳಲು ಪುರುಸೊತ್ತಿಲ್ಲದೆ ಮೇಡಂ ಮೂರು ಎಂದು ಬರೆದುಕೊಂಡು ಬಸ್ಸು ಹಿಡಿದರು.

ಸಂಜೆ ಅವನು ಸುಂದರವ್ವನ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತ.

“ಬಾಯಿ ಒಣಗೇತಿ ನೋಡವಾ. ನಿಮ್ಮ ಹಂಡೇದು ಒಂದ ತಂಬಿಗಿ ನೀರ ಕೊಡು.”

ಒಳಗೆ ಹಂಡೆಯ ಮುಚ್ಚಳ ತೆರೆದ ಸದ್ದಾಯಿತು. ಆಮೇಲೆ ಮುಚ್ಚಿದ ಸದ್ದು, ಮತ್ತೆ ತೆರೆದ ಸದ್ದು. ಕೊನೆಗೆ ನೀರು ಮೋರಿಗೆ ಸುರಿದ ಸದ್ದು. ಸುಂದರವ್ವ ಹಂಡೆಯನ್ನು ದರದರ ಎಳೆದುಕೊಂಡು ಹೊರಗೆ ಬಂದಳು.

“ನೀರ ಬ್ಯಾಡ, ಹಂಡೇನ ಒಯ್ಯಿ ಖಾಸೀಮಣ್ಣ. ಯಾರಿಗೂ ಹೇಳಬ್ಯಾಡ.”

“ಹೇಳಂಗಿಲ್ಲ,” ಎಂದು ಹಂಡೆಯನ್ನು ಹೆಗಲಿಗೇರಿಸಿದ. “ಆ ಸೊಟ್ಟ ತಂಬಿಗೀನೂ ಕೊಡು. ಜುಲೇಖಾ ಮುಂಜಾನಿಂದ ಹುಡಕಾಕತ್ಯಾಳ.”