ಭಾವ ಆರಿಸಿದ ಮೊದಲ ಪುಸ್ತಕ

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಪುಸ್ತಕವನ್ನು ತೆರೆಯುವ ಮೊದಲು ಕಚ್ಚಿ ನೋಡುತ್ತಾರೆ. ಹಸುಳೆಗಳಿಗೆಂದೇ ದಪ್ಪ ರಟ್ಟಿನಲ್ಲಿ ಮಾಡಿದ ಚಿತ್ರಪುಸ್ತಕ ಕೈಗೆ ಬಂದರೆ ಸಾಕು, ಅದರ ಮೂಲೆಯನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಅಡುಗೆಯ ಉಪ್ಪು ನೋಡುವವರಂತೆ ಚಪ್ಪರಿಸಿ, ಆಮೇಲೆ ತೀರ್ಪು ಕೊಡುತ್ತಾರೆ: "ತಡೆಯುತ್ತೆ." ಇಲ್ಲವೇ, "ಒಂದೇ ದಿನಕ್ಕೆ ಮುದ್ದೆ." ಮಗು ಮೊದಲು ಓದುವುದು ಬಾಯಿಂದ ಎನ್ನುವುದು ಅವರ ಸಮರ್ಥನೆ. ಇರಬಹುದು. ಆದರೆ ಹಲ್ಲಿನ ಗುರುತಿರುವ ಪುಸ್ತಕವನ್ನು ಹೊಸದೆಂದು ಮಾರುವುದು ಹೇಗೆಂದು ಭಾವ ಕೆಲಸ ಮಾಡುವ ಪುಸ್ತಕದಂಗಡಿಯ ಯಜಮಾನ ಕೇಳಿದರೆ ಅವರು ಕನ್ನಡಕ ಒರೆಸುತ್ತಾ ನಿಲ್ಲುತ್ತಾರೆ.

ಅಂಗಡಿಯ ಹಿಂಭಾಗದಲ್ಲಿ, ಮಹಡಿಗೆ ಹೋಗುವ ಮೆಟ್ಟಿಲಿನ ಕೆಳಗಿರುವ ಮಕ್ಕಳ ಪುಸ್ತಕಗಳ ಮೂಲೆಯೇ ಅವರ ರಾಜ್ಯ. ಬೇಸಿಗೆಯಲ್ಲೂ ಬಿಡದ ಬೂದು ಕೋಟಿನ ಜೇಬುಗಳು ಪುಸ್ತಕ ತುರುಕಿ ತುರುಕಿ ಆನೆಯ ಕಿವಿಯಂತೆ ಜೋತುಬಿದ್ದಿವೆ. ನಡಿಗೆಯಂತೂ, ಪಕ್ಕದ ಕೋಣೆಯಲ್ಲಿ ಯಾವುದೋ ಕೂಸು ಈಗತಾನೇ ಕಣ್ಣು ಮುಚ್ಚಿದೆಯೇನೋ ಎಂಬಂತೆ ಸದಾ ತುದಿಗಾಲಿನದು. ಬಸ್ಸಿಗೆ ಓಡುವಾಗಲೂ ತುದಿಗಾಲಿನಲ್ಲೇ ಓಡುತ್ತಾರೆ, ಬಸ್ಸು ಹೋಗಿಬಿಡುತ್ತದೆ.

ಮಧ್ಯಾಹ್ನ ಅವರಿಗೆ ಊಟದ ಡಬ್ಬಿ ಒಯ್ಯುವುದು ನನ್ನ ಪಾಲಿನ ಕೆಲಸ. ಶಾಲೆಗೆ ಹೆಚ್ಚು ಹೋಗದ ನಾನು ಓದಿಕೊಂಡದ್ದೆಲ್ಲ ಆ ಮೆಟ್ಟಿಲ ಕೆಳಗೇ, ಅವರು ಉಣ್ಣುವವರೆಗೆ ಕಾಯುತ್ತ. ಆದ್ದರಿಂದ ಗಿರಾಕಿಗಳನ್ನು ಅವರು ಓಡಿಸುವ ಪರಿಯನ್ನೂ ಹತ್ತಿರದಿಂದ ಬಲ್ಲೆ. ಯಾರು ಏನೇ ಕೇಳಲಿ, ಅವರ ಮೊದಲ ಪ್ರಶ್ನೆ ಒಂದೇ: "ಅದಿರ್ಲಿ, ಮಗು ಕೂರುತ್ತಾ?" ವಯಸ್ಸು ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಲಗಿರುವ ಕೂಸಿಗೆ ಕಪ್ಪು ಬಿಳುಪಿನ ದೊಡ್ಡ ಆಕಾರಗಳು, ಕೂರುವ ಕೂಸಿಗೆ ಬಿಳಿಯ ಪುಟದ ಮೇಲೆ ಒಂದೇ ಚಿತ್ರ, ನಿಲ್ಲುವ ಕೂಸಿಗೆ ತೆರೆದು ಮುಚ್ಚುವ ಪುಟ್ಟ ಬಾಗಿಲುಗಳಿರುವ ಪುಸ್ತಕ. ಇದು ಅವರ ಶಾಸ್ತ್ರ. ಇದಕ್ಕೆ ವಿನಾಯಿತಿ ಇಲ್ಲ.

ಒಂದು ದಿನ ಒಬ್ಬ ತಂದೆ ಬಂದು, ಎಂಟು ತಿಂಗಳ ಮಗನಿಗೆ ಅಕ್ಷರಮಾಲೆ ಕೊಡಿ ಎಂದ.

"ಅದಿರ್ಲಿ, ಮಗು ಕೂರುತ್ತಾ?"

"ದಿಂಬು ಕೊಟ್ರೆ ಕೂರ್ತಾನೆ."

"ದಿಂಬು ಕೊಟ್ರೆ ಕೂರೋನಿಗೆ ಅಕ್ಷರಮಾಲೆನಾ? ಪರೀಕ್ಷೆ ಯಾವಾಗ ಅವನಿಗೆ?"

ಆತ ಎದುರಂಗಡಿಗೆ ಹೋಗಿ ಕೊಂಡುಕೊಂಡ. ಇನ್ನೊಮ್ಮೆ ಒಬ್ಬ ಅಜ್ಜಿ ಆಸೆಯಿಂದ ಹುಲಿಯ ಪುಸ್ತಕವನ್ನು ಎತ್ತಿಕೊಂಡಾಗ ಇವರು ಅದನ್ನು ಮೆಲ್ಲಗೆ ಕಿತ್ತುಕೊಂಡು, "ಆ ರೆಪ್ಪೆ ನೋಡಿ ತಾಯಿ. ಯಾರ ಮದುವೆಗೆ ಹೊರಟಿದೆ ಈ ಹುಲಿ?" ಎಂದರು. ಯಜಮಾನ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೈಮುಗಿದ: "ಸ್ವಾಮಿ, ನಿಮಗೆ ಸಂಬಳ ಕೊಡ್ತಿರೋದು ನಾನಾ, ಎದುರಂಗಡಿಯವನಾ?" ಹಾಗಿದ್ದೂ ಅವರನ್ನು ಕೆಲಸದಿಂದ ತೆಗೆಯದಿದ್ದುದಕ್ಕೆ ಕಾರಣವಿತ್ತು. ಒಮ್ಮೆ ಅವರ ಮಾತು ಕೇಳಿ ಪುಸ್ತಕ ಒಯ್ದ ತಾಯಂದಿರು, ಬೈದುಕೊಂಡಾದರೂ, ಮತ್ತೆ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಇಂಥವರಿಗೆ ಮೊಮ್ಮಗಳು ಹುಟ್ಟಿದಳು.

ಮಗಳು ಹೆರಿಗೆ ರಜೆ ಮುಗಿಯುವವರೆಗೆ ಕೂಸಿನೊಂದಿಗೆ ತವರಿನಲ್ಲೇ ಇದ್ದಳು. ಮೊದಲ ದಿನವೇ ಭಾವ ಘೋಷಿಸಿದರು: ಇವಳ ಕೈಗೆ ಹೋಗುವ ಮೊದಲ ಪುಸ್ತಕ ನನ್ನ ಕೈಯಿಂದಲೇ ಹೋಗಬೇಕು. ಬಂಧುಗಳು ತಂದ ಪುಸ್ತಕಗಳೆಲ್ಲ ಬೀರುವಿನ ತಲೆಯ ಮೇಲೇರಿದವು. ನಗುವ ಸೂರ್ಯನಿದ್ದದ್ದು ಒಂದು, ಚಡ್ಡಿ ತೊಟ್ಟ ಕರಡಿಯದು ಇನ್ನೊಂದು, ನಾನು ಪ್ರೀತಿಯಿಂದ ಕೊಂಡು ತಂದ ಬಾತುಕೋಳಿಯದೂ ಅಲ್ಲಿಗೇ. "ಕೊಕ್ಕು ಸರಿಯಿಲ್ಲ ಕಣಮ್ಮ," ಎಂದರು ನನಗೆ, ನಾನೇ ಕೊಕ್ಕು ಬರೆದಿದ್ದೆನೇನೋ ಎಂಬಂತೆ.

ಪರರ ಮಕ್ಕಳಿಗೆ ಕಣ್ಣು ಮಿಟುಕಿಸುವುದರಲ್ಲಿ ಆರಿಸಿಕೊಡುವ ಮನುಷ್ಯನಿಗೆ ಇಲ್ಲಿ ಕೈ ಓಡಲಿಲ್ಲ. ಎರಡು ಕಪ್ಪು ಬಿಳುಪಿನ ಪುಸ್ತಕಗಳನ್ನು ಎಡಕ್ಕೂ ಬಲಕ್ಕೂ ಹಿಡಿದು ತೂಗುತ್ತಿರುವಾಗಲೇ ಕೂಸು ಮಗುಚಿಕೊಂಡಿತು. ಮಗುಚಿದ ಕೂಸಿಗೆ ಯಾವುದೆಂದು ಚಿಂತಿಸುವಷ್ಟರಲ್ಲಿ ಕೂತಿತು. ಈಗ ಕೂರುತ್ತದಲ್ಲ, ಕೊಡಿ ಎಂದರೆ, ಕೂತದ್ದು ಗಟ್ಟಿಯಾಗಲಿ ಎನ್ನುತ್ತಿದ್ದರು.

"ಅಪ್ಪಾ, ಯಾವುದಾದ್ರೂ ಒಂದು ಕೊಡಪ್ಪ," ಎಂದಳು ಮಗಳು. "ಅವಳು ಕಾಲೇಜಿಗೆ ಸೇರೋದ್ರೊಳಗೆ."

"ಮೊದಲನೇದು ಕಣೇ. ಹಾಗೆಲ್ಲ ಯಾವುದೋ ಒಂದು ಕೊಡೋಕಾಗುತ್ತಾ?"

"ಚಿಕ್ಕಮ್ಮ, ನೀವಾದ್ರೂ ಹೇಳಿ."

ನಾನು ಹೇಳಿದೆ. ಅಕ್ಕ ನನಗಿಂತ ಜೋರಾಗಿ ಹೇಳಿದಳು. ಭಾವ ಕೋಟು ಹಾಕಿಕೊಂಡು ಅಂಗಡಿಗೆ ಹೊರಟರು.

ಮಗಳು ಗಂಡನ ಮನೆಗೆ ಹೊರಡುವ ಹಿಂದಿನ ಸಂಜೆ ಅವರು ಬಾಗಿಲಲ್ಲಿ ಕಾಣಿಸಿಕೊಂಡ ರೀತಿಯಲ್ಲೇ ತಿಳಿಯಿತು, ಆರಿಸಿ ಆಗಿದೆ. ಮುಖದಲ್ಲಿ ವ್ರತ ಮುಗಿಸಿದವರ ಕಳೆಯಿತ್ತು. ಕೈಯಲ್ಲಿ ಬಿಳಿಯ ಪುಟದ ಮೇಲೆ ಒಂದೇ ಒಂದು ಕಂದು ನಾಯಿ. ಕೂಸು ನಡುಮನೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅದರ ಮುಂದೆ, ಬೆಳಗಿನ ಪೇಪರಿನ ಮಡಿಕೆಯಲ್ಲಿ ಬಂದಿದ್ದ ಪಾತ್ರೆ ಅಂಗಡಿಯ ಜಾಹೀರಾತು ಬಿಚ್ಚಿಕೊಂಡಿತ್ತು. ಅದರಲ್ಲಿದ್ದ ನೀಲಿ ಬಕೆಟ್ಟಿಗೆ ಅಂಗೈಯಿಂದ ಬಡಿಯುತ್ತ, ಕಿರುಚಿ ನಗುತ್ತ, ಹಾಳೆ ಮಗುಚಿ ಪೊರಕೆ ಕಂಡು ಬೇಸರಗೊಂಡು, ಮತ್ತೆ ಬಕೆಟ್ಟಿಗೇ ಮರಳುತ್ತಿತ್ತು.

"ಯಾರು ಕೊಟ್ಟಿದ್ದು ಇದನ್ನ?"

"ಪೇಪರ್ ಹಾಕೋನು ರೀ," ಎಂದಳು ಅಕ್ಕ. "ಅವನು ನಿಮ್ಮಷ್ಟು ಯೋಚನೆ ಮಾಡ್ಲಿಲ್ಲ."

ಭಾವ ನಾಯಿಯ ಪುಸ್ತಕವನ್ನು ಮುಂದಿಟ್ಟರು. ಕೂಸು ನಾಯಿಯನ್ನು ನೋಡಿತು, ಅದನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿತು. ಮಗಳು ಓಡಿಬಂದು ಜಾಹೀರಾತನ್ನು ಎತ್ತಲು ಬಾಗಿದಾಗ ಅವರು ಅವಳ ಕೈ ಹಿಡಿದರು. "ಇರ್ಲಿ ಬಿಡು. ಓದ್ತಾ ಇದಾಳೆ."

ಅವರ ದನಿ ಅಷ್ಟು ಚಿಕ್ಕದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆಮೇಲೆ ಮಂಡಿ ಹಿಡಿದುಕೊಂಡು ನೆಲಕ್ಕಿಳಿದು ಕೂಸಿನ ಬೆನ್ನಿಗೆ ಬೆಂಬಲವಾಗಿ ಕೂತರು. "ಬಕೆಟ್ಟು," ಎಂದರು. "ನೀಲಿ ಬಕೆಟ್ಟು. ಇದರಲ್ಲಿ ನೀರು." ಕೂಸು ತಲೆಯೆತ್ತಿ ಅವರ ಗಲ್ಲವನ್ನೇ ನೋಡಿ, ಮುಂದೇನು ಎಂಬಂತೆ ಮತ್ತೊಮ್ಮೆ ಬಕೆಟ್ಟಿಗೆ ಬಡಿಯಿತು. ಅವರು ಮತ್ತೆ ಹೇಳಿದರು. ಕತ್ತಲಾಗಿ ದೀಪ ಹಾಕುವವರೆಗೂ ಹೇಳಿದರು. ನನಗೆ ಕಣ್ಣು ತುಂಬಿ ಬಂದು, ಇಷ್ಟು ವರ್ಷದ ಕಿರಿಕಿರಿಯನ್ನೆಲ್ಲ ಮನ್ನಿಸಿಬಿಡೋಣ ಎಂದುಕೊಳ್ಳುತ್ತಿದ್ದಂತೆಯೇ ಅವರು ನನ್ನ ಕಡೆ ತಿರುಗಿದರು:

"ನೋಡಿದ್ಯಾ? ಬಿಳಿ ಹಿನ್ನೆಲೆ, ಒಂದೇ ವಸ್ತು, ದೊಡ್ಡ ಚಿತ್ರ. ನಾನು ಬಡ್ಕೊಂಡಿದ್ದು ಇದನ್ನೇ. ನೀಲಿ ಮಾತ್ರ ಸ್ವಲ್ಪ ಜಾಸ್ತಿಯಾಯ್ತು."

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ತಮ್ಮವರಿಗೆ ಕೊಡುವುದರಲ್ಲಿ ಒಂದು ಕೂದಲಿನಷ್ಟೂ ಊನವಿರಬಾರದೆಂದು ಅದನ್ನು ಕೈಯಲ್ಲೇ ಹಿಡಿದು ಕೂರುತ್ತಾರೆ, ಅಷ್ಟರಲ್ಲಿ ಲೋಕ ಬೇಕಾದದ್ದನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಿ ಹೋಗಿರುತ್ತದೆ. ಅವರ ಪ್ರೀತಿ ಸುಳ್ಳಲ್ಲ, ತಡ ಅಷ್ಟೆ. ಅದಕ್ಕಾಗಿ ಕಾಯುವ ತಾಳ್ಮೆಯನ್ನು ದೇವರು ಮಕ್ಕಳಿಗೆ ಕೊಟ್ಟಿಲ್ಲ, ಮನೆಯ ಹೆಂಗಸರಿಗೆ ಕೊಟ್ಟಿದ್ದಾನೆ. ಪ್ರತಿ ಬೆಳಗ್ಗೆ ನನ್ನ ಪಾಲಿನ ತಾಳ್ಮೆಯನ್ನು ನಾನು ಅವನಲ್ಲಿ ಕೇಳಿ ಪಡೆಯುತ್ತೇನೆ. ಊಟದ ಡಬ್ಬಿ ಒಯ್ಯುವ ಹೊತ್ತಿಗೆ ಮುಗಿದಿರುತ್ತದೆ.