ಹನ್ನೆರಡು ಮಕ್ಕಳ ಪುರಾವೆ

ಹುಬ್ಬಳ್ಳಿ ಕೇಶ್ವಾಪುರದ ಕಾಳಿನ ವ್ಯಾಪಾರಿ ಗುರುಸಿದ್ದಯ್ಯನವರು ಹತ್ತು ತಿಂಗಳ ಮೊಮ್ಮಗಳಿಗೆ ದಡಾರದ ಲಸಿಕೆ ಹಾಕಗೊಡಲಿಲ್ಲ. ಆರೋಗ್ಯ ಸಹಾಯಕಿ ರೆಹಮತ್‌ಬಿಯನ್ನು ಎರಡು ಸಲ ಬಾಗಿಲಿಂದಲೇ ಕಳಿಸಿದರು. ಆರು ವರ್ಷದ ಮೊಮ್ಮಗ ಬಸವಪ್ರಭುವಿಗೆ ಆಟಿಸಂ, ಮಾತು ಬಂದಿಲ್ಲ. ಅವನಿಗೆ ಲಸಿಕೆ ಹಾಕಿಸಿದ್ದಕ್ಕೆ ಸೊಸೆ ರಾಜೇಶ್ವರಿಯನ್ನು ನಾಲ್ಕು ವರ್ಷದಿಂದ ‘ಮಗನ ಬಾಯಿ ಕಟ್ಟಿದಾಕಿ’ ಎಂದು ಕರೆಯುತ್ತ ಬಂದಿದ್ದರು.

೨೦೦೫ರ ಬೇಸಿಗೆಯಲ್ಲಿ ಹಿಂದಿನ ಓಣಿಯ ಮೂರು ಮಕ್ಕಳಿಗೆ ದಡಾರ ಎದ್ದಿತು. ಒಂದು ಕೂಸು ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿತು. ರೆಹಮತ್‌ಬಿ ಈ ಸಲ ರಾಜೇಶ್ವರಿಯನ್ನು ಕರೆದುಕೊಂಡು ನೇರ ಮಾರುಕಟ್ಟೆಯಲ್ಲಿದ್ದ ಅವರ ಅಂಗಡಿಗೇ ಹೋದಳು.

ಗುರುಸಿದ್ದಯ್ಯನವರ ಕೈಯಲ್ಲಿ ಚೀಲಕ್ಕೆ ಚುಚ್ಚಿ ತಳದ ಕಾಳು ಎಳೆದು ನೋಡುವ ಕಬ್ಬಿಣದ ಕೊಳವೆ ಇತ್ತು.

“ದಡಾರದ ಮದ್ದು ಕೂಡಿಸಿದ ಸೂಜಿಯಿಂದ ಆಟಿಸಂ ಬರತೈತಿ ಅಂತ ಲಂಡನ್ನಿನ ಡಾಕ್ಟರೇ ಹೇಳ್ಯಾನವಾ. ಪೇಪರಿನ್ಯಾಗ ಬಂದಿತ್ತು.”

“ಎಷ್ಟು ಮಕ್ಕಳನ್ನ ನೋಡಿ ಹೇಳ್ಯಾನ್ರಿ ಕಾಕಾ?” ಎಂದಳು ರೆಹಮತ್‌ಬಿ.

“ಸಾವಿರಾರು ಇರಬೇಕು,” ಎನ್ನುತ್ತ ಅವರು ಕೊಳವೆಯನ್ನು ಚೀಲಕ್ಕೆ ಚುಚ್ಚಿದರು.

“ಹನ್ನೆರಡು.”

ಕೊಳವೆ ಚೀಲದಲ್ಲೇ ನಿಂತಿತು.

“ಆ ಡಾಕ್ಟರ ಲಸಿಕಿ ಕಂಪನಿ ಮ್ಯಾಲ ಖಟ್ಲೆ ನಡಸೋ ವಕೀಲರ ರೊಕ್ಕ ತಗೊಂಡಿದ್ದ, ಅದನ್ನ ಮುಚ್ಚಿಟ್ಟ. ಅವನ ಸಂಗಾಟ ಆ ಲೇಖನ ಬರೆದ ಹತ್ತು ಮಂದಿ ಹೋದ ವರ್ಷ ಆ ಮಾತಿನಿಂದ ಹಿಂದ ಸರಿದಾರ. ನೀವು ಚೀಲದ ಮ್ಯಾಲಿನ ಹನ್ನೆರಡು ಕಾಳು ನೋಡಿ ಲಾರಿ ಮಾಲು ತಗೋತೀರೇನ್ರಿ?”

“ನನಗೇನು ಹುಚ್ಚ ಹಿಡದೈತಿ?”

“ಡೆನ್ಮಾರ್ಕ್ ದೇಶದಾಗ ಐದು ಲಕ್ಷ ಮಕ್ಕಳನ್ನ ನೋಡ್ಯಾರ. ಸೂಜಿ ಹಾಕಿಸಿದವರಾಗೂ ಹಾಕಸದವರಾಗೂ ಆಟಿಸಂ ಒಂದ ಪ್ರಮಾಣದಾಗ ಐತಿ.”

“ಮತ್ತ ನಮ್ಮ ಹುಡುಗಗ ಸೂಜಿ ಆದ ಮ್ಯಾಲೇ ಯಾಕ ಕಂಡಿತು?”

“ಆ ಸೂಜಿ ಹಾಕೂದೂ, ಮಕ್ಕಳು ಮಾತು ಕಲಿಯೂದೂ ಒಂದ ವಯಸ್ಸಿನ್ಯಾಗರಿ. ಮಾತು ಬರಲಿಲ್ಲ ಅನ್ನೂದು ಗೊತ್ತಾಗೂದೂ ಆವಾಗನ. ಈಕಿ ತಪ್ಪೇನೈತಿ ಇದರಾಗ?”

ಗುರುಸಿದ್ದಯ್ಯನವರು ಕೊಳವೆಯನ್ನು ಚೀಲದಿಂದ ಎಳೆದಿಟ್ಟು ಸೊಸೆಯ ಕಡೆ ತಿರುಗಿದರು. “ನಾಲ್ಕು ವರ್ಷ ಮಾಲು ನೋಡದನ ನಿನ್ನ ಅಂದೆನವಾ. ತಪ್ಪಾತು. ಕೂಸಿಗೆ ಲಗೂ ಸೂಜಿ ಹಾಕಸು.”

“ಸಾವಕಾರ್ರ ಬಾಯಾಗ ತಪ್ಪಾತು ಅನ್ನೂದು ಇವತ್ತ ಕೇಳಿದೆ,” ಎಂದ ಚೀಲ ಹೊರುವ ಮೈಲಾರಲಿಂಗಪ್ಪ. ಅಂಗಡಿಯೆಲ್ಲ ನಕ್ಕಿತು. ಸಾವಕಾರರೂ ನಕ್ಕರು.

ತಾಯಂದಿರೇ, ಅಜ್ಜ ಅಜ್ಜಿಯರೇ, ಈ ಸುಳ್ಳು ನಿಮ್ಮ ಓಣಿಗೂ ಬರುತ್ತದೆ. ಲಸಿಕೆಯಿಲ್ಲದ ಕೂಸನ್ನೂ, ತಪ್ಪಿಲ್ಲದ ತಾಯಿಯನ್ನೂ ಒಟ್ಟಿಗೇ ನುಂಗುತ್ತದೆ. ತಂದವನನ್ನು ನಿಲ್ಲಿಸಿ ಕೇಳಿರಿ: ಎಷ್ಟು ಮಕ್ಕಳನ್ನು ನೋಡಿದರು? ರೊಕ್ಕ ಯಾರದು? ಒಂಬತ್ತು ತಿಂಗಳು ತುಂಬಿದ ಕೂಸಿಗೆ ದಡಾರದ ಲಸಿಕೆ ಹಾಕಿಸಿರಿ. ಯಾವ ಮಗುವನ್ನೂ ನಾಚಿಕೆಯ ವಸ್ತು ಮಾಡಬೇಡಿರಿ.

ಮರುದಿನ ರಾಜೇಶ್ವರಿ ಕೂಸನ್ನೆತ್ತಿಕೊಂಡು ಲಸಿಕೆಗೆ ಹೊರಟಾಗ ಅತ್ತೆ ಶಿವಲಿಂಗವ್ವ ತಡೆದರು. “ಸಣ್ಣಾಕಿನ್ನ ಒಯ್ಯಿ. ದೊಡ್ಡಾವನ್ನ ಒಳಗ ಕೂಡಿಸಿ ಹೋಗು. ಮಂದಿ ನೋಡ್ತಾರ.”

ರಾಜೇಶ್ವರಿ ಬಸವಪ್ರಭುವಿನ ಕೈ ಹಿಡಿದಳು.

“ನೋಡಲಿ ಬಿಡ್ರಿ ಅತ್ತಿ. ಇನ್ನ ನನ್ನ ಮಗನ್ನ ಒಳಗ ಕೂಡಸೂದಿಲ್ಲ.”