ಬೆಳಿಗ್ಗೆ ಎಂಟು, ರಾತ್ರಿ ಎಂಟು
ಉತ್ತರ ಅಟ್ಲಾಂಟಿಕ್ ಕಡಲಿನ ಫಾರೋ ದ್ವೀಪಸಮೂಹದ ಸುನ್ವಾಳ ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಊಟ ಹಾಕಿ, ಕತ್ತಿನ ಹಿಂದಿನ ಸಡಿಲ ಚರ್ಮವೆತ್ತಿ ಇನ್ಸುಲಿನ್ ಚುಚ್ಚಬೇಕು. ಕಡಲು ಕೆರಳಿದರೆ ದೋಣಿ ಮರಳುವ ಭರವಸೆಯಿಲ್ಲ. ಹಾಗಾಗಿ ಎದುರು ದ್ವೀಪದ ಅಕ್ಕ ಬಿರ್ನಾಳ ಮನೆಗೆ ಅವಳು ಅಂದಿನಿಂದ ಹೋಗಿಯೇ ಇರಲಿಲ್ಲ. ಕಿಟಕಿಯಿಂದ ಅಕ್ಕನ ಮನೆಯ ಹೊಗೆಯಷ್ಟೇ ಕಾಣುತ್ತಿತ್ತು.

“ನಿನ್ನ ಮುಖಾನೇ ಮರ್ತೋಗ್ತಿದೆ ಕಣೆ,” ಎಂದಳು ಅಕ್ಕ ಫೋನಿನಲ್ಲಿ.

ಸುನ್ವಾಳಿಂದ ಅದನ್ನು ಕೇಳಿದ ನೆರೆಮನೆಯ ಮೀನುಗಾರ ಹಾನುಸ್, “ಸೂಜಿ ಚುಚ್ಚೋದು ನಂಗೆ ಹೇಳ್ಕೊಡು, ಬೆಕ್ಕನ್ನ ನಾನು ನೋಡ್ಕೋತೀನಿ. ಗಾಳ ಕಟ್ಟೋ ಕೈ ಇದು, ನಡುಗಲ್ಲ,” ಎಂದ. ಮೊದಲ ದಿನ ನಡುಗಿತು; ವಾರದಲ್ಲಿ ಪಳಗಿತು.

ಶನಿವಾರ ಸುನ್ವಾ ದೋಣಿ ಹತ್ತಿದಳು. ದಡದಲ್ಲಿ ಕಾಯುತ್ತಿದ್ದ ಅಕ್ಕ ಇಷ್ಟು ಮುದುಕಿಯಾಗಿದ್ದಾಳೆಂದು ಫೋನಿನ ದನಿಯಿಂದ ತಿಳಿದಿರಲಿಲ್ಲ. ಅವಳ ಕೈಹಿಡಿದ ಸುನ್ವಾ ಮನೆ ಸೇರುವವರೆಗೂ ಬಿಡಲಿಲ್ಲ.